ಮಾಹಿತಿ ಭದ್ರತೆ ಮತ್ತು ಡಿಜಿಟಲ್ ವಿಧಿವಿಜ್ಞಾನ

ಕಂಪ್ಯೂಟರು, ಮೊಬೈಲು ಮತ್ತು ಅವನ್ನು ಬೆಸೆಯುವ ಜಾಲಗಳಲ್ಲಿರುವ ಮಾಹಿತಿಯನ್ನು ಕಾಯುವುದು, ಕಾವಲು ಮುರಿದಾಗ ನಡೆದದ್ದೇನೆಂದು ಪತ್ತೆಹಚ್ಚಿ ನ್ಯಾಯಾಲಯದ ಮುಂದಿಡುವುದು, ಕಾವಲು ಕಾನೂನಿಗೆ ತಕ್ಕಂತಿದೆಯೇ ಎಂದು ತಪಾಸಣೆ ಮಾಡುವುದು, ಯಾವುದನ್ನು ಎಷ್ಟು ಖರ್ಚಿನಲ್ಲಿ ಕಾಯಬೇಕೆಂದು ಲೆಕ್ಕ ಹಾಕುವುದು: ಈ ನಾಲ್ಕನ್ನೂ ಕೂಡಿಸಿ ಕಲಿಸುವ ಅಧ್ಯಯನ ಶಾಖೆ. ನಾಲ್ಕರ ತವರುಮನೆಯೂ ಬೇರೆಬೇರೆ. ಭದ್ರತೆ ಸೈನ್ಯದವರ ಮತ್ತು ಗಣಿತಜ್ಞರ ಕೂಸು, ವಿಧಿವಿಜ್ಞಾನ ಪೊಲೀಸರದು, ನಿಯಮಪಾಲನೆ ಲೆಕ್ಕಪರಿಶೋಧಕರದು, ಅಪಾಯ ನಿರ್ವಹಣೆ ವಿಮೆಯವರ ಲೆಕ್ಕಾಚಾರಕ್ಕೆ ಹತ್ತಿರದ್ದು. ಆದರೂ ಒಂದೇ ಪಠ್ಯಕ್ರಮದಲ್ಲಿ ಅವು ಹೊಂದಿಕೊಂಡಿರುವುದಕ್ಕೆ ಕಾರಣವಿದೆ. ಈ ದಾಖಲೆಯನ್ನು ನಂಬಬಹುದೇ, ಘಟನೆ ನಡೆದಾಗ ಅಲ್ಲಿರದಿದ್ದವರನ್ನೂ ನಂಬಿಸಬಹುದೇ ಎಂಬ ಪ್ರಶ್ನೆಗೆ ನಾಲ್ಕೂ ಉತ್ತರ ಹುಡುಕುತ್ತವೆ.

ಕಂಪ್ಯೂಟರಿನ ಫೈಲಿಗೆ ಕನ್ನಡದಲ್ಲಿ ‘ಕಡತ’ ಎನ್ನುವುದು ಈ ದೃಷ್ಟಿಯಿಂದ ಬಹಳ ಸೊಗಸಾದ ಬಳಕೆ. ಹಳೆಯ ಕಾಲದ ಕಡತವೆಂದರೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆ ಪುಸ್ತಕ. ವ್ಯಾಪಾರಿಗಳೂ ಶಾನುಭೋಗರೂ ಅದರಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರ. ಬರೆದದ್ದನ್ನು ಒರೆಸಿ ಅದರ ಮೇಲೆಯೇ ಮತ್ತೆ ಬರೆಯಬಹುದಿತ್ತು; ಅನುಕೂಲವೂ ಅದೇ, ಅಪಾಯವೂ ಅದೇ. ಕಂಪ್ಯೂಟರಿನ ಕಡತದ ಗುಣವೂ ಇದೇ, ಒಂದು ವ್ಯತ್ಯಾಸದೊಂದಿಗೆ: ಇಲ್ಲಿ ಒರೆಸಿದವನಿಗೆ ತಾನು ಪೂರ್ತಿ ಒರೆಸಿದ್ದೇನೆಂಬ ಭ್ರಮೆ ಇರುತ್ತದೆ.

ಹಿನ್ನೆಲೆ

1960ರ ದಶಕದವರೆಗೆ ಕಂಪ್ಯೂಟರಿನ ಭದ್ರತೆಯೆಂದರೆ ಅದಿರುವ ಕೋಣೆಗೆ ಬೀಗ ಹಾಕುವುದು, ಅಷ್ಟೇ. ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ದೂರದಿಂದ ಬಳಸತೊಡಗಿದಾಗ ಬೀಗ ಸಾಲದಾಯಿತು. ವಿಲ್ಲಿಸ್ ವೇರ್ ನೇತೃತ್ವದ ಸಮಿತಿ 1970ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಗೆ, ಜೇಮ್ಸ್ ಆಂಡರ್ಸನ್ 1972ರಲ್ಲಿ ಅಲ್ಲಿನ ವಾಯುಪಡೆಗೆ ಕೊಟ್ಟ ವರದಿಗಳು ಈ ಶಾಸ್ತ್ರದ ಮೊದಲ ಪಠ್ಯಗಳೆನ್ನಬಹುದು. 1975ರಲ್ಲಿ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಎಂಟು ವಿನ್ಯಾಸ ಸೂತ್ರಗಳನ್ನು ಮುಂದಿಟ್ಟರು. ಪ್ರತಿಯೊಬ್ಬರಿಗೂ ಅವರವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರಲಿ, ಕೂದಲೆಳೆಯಷ್ಟೂ ಹೆಚ್ಚು ಬೇಡ ಎಂಬುದು ಅವುಗಳಲ್ಲೊಂದು. ಐವತ್ತು ವರ್ಷ ಕಳೆದರೂ ದೊಡ್ಡ ದೊಡ್ಡ ಸೋರಿಕೆಗಳ ತನಿಖಾ ವರದಿಗಳು ಈ ಸೂತ್ರ ಮುರಿದ ಕಥೆಯನ್ನೇ ಹೇಳುತ್ತವೆ. ಗೌಪ್ಯತೆ, ಸಮಗ್ರತೆ, ಲಭ್ಯತೆ ಎಂಬ ತ್ರಿಪದಿಯೂ ಆ ಕಾಲದ್ದೇ: ಮಾಹಿತಿ ಬೇಡದವರ ಕಣ್ಣಿಗೆ ಬೀಳಬಾರದು, ಅಧಿಕಾರವಿಲ್ಲದವರು ತಿದ್ದಬಾರದು, ಬೇಕಾದವರಿಗೆ ಬೇಕಾದಾಗ ಸಿಗಬೇಕು.

ತತ್ವ ಹೀಗೆ ರೂಪುಗೊಳ್ಳುತ್ತಿರುವಾಗಲೇ ಅಭ್ಯಾಸಕ್ಕೆ ನಾಂದಿ ಹಾಡಿದ್ದು 75 ಸೆಂಟಿನ ಒಂದು ವ್ಯತ್ಯಾಸ. 1986ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳಶಾಸ್ತ್ರಜ್ಞನಿಗೆ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ ಅಷ್ಟು ಏಕೆ ತಾಳೆಯಾಗುತ್ತಿಲ್ಲ ಎಂದು ನೋಡುವ ಕೆಲಸ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಚಿಲ್ಲರೆ ಕಾಸೆಂದು ಬಿಟ್ಟುಬಿಡುತ್ತಿದ್ದರೇನೋ. ಸ್ಟಾಲ್ ಬಿಡಲಿಲ್ಲ. ಹೊರಗಿನಿಂದ ಯಾರೋ ನುಸುಳುತ್ತಿದ್ದಾರೆಂದು ತಿಳಿದ ಮೇಲೂ ಬಾಗಿಲು ಮುಚ್ಚಲಿಲ್ಲ. ಒಳಬರುವ ದೂರವಾಣಿ ತಂತಿಗಳಿಗೆ ಪ್ರಿಂಟರುಗಳನ್ನು ಜೋಡಿಸಿ, ನುಸುಳುಕೋರ ಒತ್ತಿದ ಒಂದೊಂದು ಕೀಲಿಯೂ ಕಾಗದದ ಮೇಲೆ ಮೂಡುವಂತೆ ಮಾಡಿದ. ದಿನಚರಿಯಂತೆ ಒಂದು ಪುಸ್ತಕದಲ್ಲಿ ಎಲ್ಲವನ್ನೂ ಬರೆದಿಟ್ಟ. ಆ ಕಳ್ಳನನ್ನು ಸಂಪರ್ಕದಲ್ಲಿ ಹೆಚ್ಚು ಹೊತ್ತು ಹಿಡಿದಿಡಲು ಸೈನ್ಯದ ಗುಟ್ಟಿನಂತೆ ಕಾಣುವ ಸುಳ್ಳು ಕಡತಗಳನ್ನು ಹರಡಿದ. ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರಕ್ಕೆ, ಮಾರ್ಕಸ್ ಹೆಸ್ ಎಂಬಾತನ ಬಳಿಗೆ ಹೋಯಿತು. ಕದ್ದ ಮಾಹಿತಿ ಸೋವಿಯತ್ ಗೂಢಚಾರ ಸಂಸ್ಥೆ ಕೆ.ಜಿ.ಬಿ.ಗೆ ಮಾರಾಟವಾಗುತ್ತಿತ್ತು. ಸ್ಟಾಲ್ ಬರೆದ ‘ದಿ ಕುಕ್ಕೂಸ್ ಎಗ್’ 1989ರಲ್ಲಿ ಹೊರಬಂತು. ಲೆಕ್ಕ ತಾಳೆ ನೋಡುವುದು, ಬಲೆ ಒಡ್ಡುವುದು, ಕೈ ಹಾಕದೆ ಗಮನಿಸುವುದು, ಬರೆದಿಡುವುದು ಇಂದು ನಾಲ್ಕು ಬೇರೆ ವಿಷಯಗಳಾಗಿ ಕಲಿಸಲ್ಪಡುತ್ತಿವೆ. ಆಗ ಅವಷ್ಟನ್ನೂ ಒಬ್ಬನೇ ಮಾಡಿದ್ದ.

1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ಸಂಶೋಧನಾ ವಿದ್ಯಾರ್ಥಿ ಬಿಟ್ಟ ‘ಹುಳು’ ಆಗಿನ ಇಂಟರ್ನೆಟ್ಟಿನ ಸಾವಿರಾರು ಯಂತ್ರಗಳನ್ನು ಉಸಿರುಗಟ್ಟಿಸಿತು. ಅದಾದ ಕೆಲವೇ ವಾರಗಳಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ತುರ್ತು ಸ್ಪಂದನ ತಂಡ ಹುಟ್ಟಿಕೊಂಡಿತು. ಅದೇ ಮಾದರಿಯ ಭಾರತದ ತಂಡ ಸರ್ಟ್-ಇನ್ ಕೆಲಸ ಶುರುಮಾಡಿದ್ದು 2004ರ ಜನವರಿಯಲ್ಲಿ.

ಸಾಕ್ಷ್ಯದ ಬೆನ್ನು ಹತ್ತಿ

ಎರಡು ವಸ್ತುಗಳು ತಾಗಿದರೆ ಒಂದರ ಕುರುಹು ಇನ್ನೊಂದರಲ್ಲಿ ಉಳಿಯುತ್ತದೆ ಎಂಬುದು ಫ್ರಾನ್ಸಿನ ಲಿಯಾನ್‌ನಲ್ಲಿ 1910ರಲ್ಲಿ ಪೊಲೀಸ್ ಪ್ರಯೋಗಾಲಯ ತೆರೆದ ಎಡ್ಮಂಡ್ ಲೊಕಾರ್ಡ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ತತ್ವ. ಡಿಜಿಟಲ್ ವಿಧಿವಿಜ್ಞಾನ ನಿಂತಿರುವುದೂ ಇದರ ಮೇಲೆಯೇ. ಕುರುಹು ಎಲ್ಲಿ ಉಳಿಯುತ್ತದೆಂದು ತಿಳಿಯಲು ಅಳಿಸುವಿಕೆಯ ಒಳಗುಟ್ಟನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಹಳೆಯ ಪೆನ್‌ಡ್ರೈವುಗಳಲ್ಲಿ ಇಂದಿಗೂ ಇರುವ ಫ್ಯಾಟ್ ವ್ಯವಸ್ಥೆಯಲ್ಲಿ ಒಂದು ಕಡತವನ್ನು ಅಳಿಸಿದಾಗ, ಹೆಸರುಗಳ ಪಟ್ಟಿಯಲ್ಲಿ ಆ ಕಡತದ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ‘ಅಳಿಸಿದೆ’ ಎಂಬ ಒಂದು ಗುರುತು ಬೀಳುತ್ತದೆ, ಅದು ಕೂತಿದ್ದ ಜಾಗ ಖಾಲಿಯೆಂದು ನಮೂದಾಗುತ್ತದೆ. ಒಳಗಿನ ಬರಹ ಇದ್ದಲ್ಲೇ ಇರುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹಾಕಿದರೆ ಹುಡುಗ ತರಗತಿಯಿಂದ ಎದ್ದು ಹೋಗುವುದಿಲ್ಲ, ಅಲ್ಲವೇ? ಆ ಜಾಗಕ್ಕೆ ಹೊಸ ಕಡತ ಬಂದು ಕೂತಾಗ ಮಾತ್ರ ಹಳೆಯದು ಮುಚ್ಚಿಹೋಗುತ್ತದೆ. ಆಗಲೂ ಪೂರ್ತಿ ಅಲ್ಲ. ಡಿಸ್ಕು ಜಾಗವನ್ನು ಹಂಚುವುದು ಸಾಮಾನ್ಯವಾಗಿ 4,096 ಬೈಟುಗಳ ತುಂಡುಗಳಲ್ಲಿ. ಹೊಸ ಪತ್ರ 2,000 ಬೈಟಿನದಾದರೆ ಆ ತುಂಡಿನ ಉಳಿದ ಅರ್ಧದಲ್ಲಿ ಹಳೆಯ ಪತ್ರದ ಬಾಲ ಹಾಗೇ ಉಳಿದಿರಬಹುದು. ಹೆಸರುಪಟ್ಟಿಯೇ ನಾಶವಾಗಿದ್ದರೂ ಚಿತ್ರ, ಪತ್ರ, ವಿಡಿಯೋಗಳ ಮೊದಲ ಕೆಲವು ಬೈಟುಗಳಿಗೆ ನಿರ್ದಿಷ್ಟ ವಿನ್ಯಾಸವಿರುವುದರಿಂದ, ಆ ಗುರುತು ಹಿಡಿದು ಇಡೀ ಡಿಸ್ಕನ್ನು ಜರಡಿ ಹಿಡಿಯಬಹುದು. ಆದರೆ ಈಚಿನ ಎಸ್‌ಎಸ್‌ಡಿ ಡಿಸ್ಕುಗಳಲ್ಲಿ ಈ ಸುಗ್ಗಿ ಇಲ್ಲ. ‘ಟ್ರಿಮ್’ ಎಂಬ ಆಜ್ಞೆ ಬಂದೊಡನೆ ಅವು ಖಾಲಿ ಜಾಗವನ್ನು ತಾವಾಗಿಯೇ ತೊಳೆದಿಡುತ್ತವೆ. ಪರೀಕ್ಷಕನ ಮೇಜಿನ ಮೇಲೆ ಸುಮ್ಮನೆ ಕರೆಂಟಿನಲ್ಲಿ ಕೂತಿರುವಾಗಲೂ ತೊಳೆಯುತ್ತಿರಬಹುದು.

ಕಡತದ ಬಗೆಗಿನ ಮಾಹಿತಿ, ಅಂದರೆ ಮೆಟಾಡೇಟಾ, ಎಷ್ಟೋ ಸಲ ಕಡತಕ್ಕಿಂತ ಹೆಚ್ಚು ಮಾತಾಡುತ್ತದೆ. ಅಮೆರಿಕದ ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿ 1974ರಿಂದ 1991ರವರೆಗೆ 10 ಜನರನ್ನು ಕೊಂದು ಸಿಕ್ಕದೇ ಉಳಿದಿದ್ದ ಕೊಲೆಗಾರ 2005ರಲ್ಲಿ ಟಿ.ವಿ. ಕೇಂದ್ರವೊಂದಕ್ಕೆ ಒಂದು ಫ್ಲಾಪಿ ಕಳಿಸಿದ. ಅದರಲ್ಲಿ ಅಳಿಸಿದ್ದ ಒಂದು ಕಡತದ ಮೆಟಾಡೇಟಾದಲ್ಲಿ ಒಂದು ಚರ್ಚಿನ ಹೆಸರೂ ಕೊನೆಯದಾಗಿ ತಿದ್ದಿದವನು ‘ಡೆನಿಸ್’ ಎಂದೂ ಇತ್ತು. ಆ ಚರ್ಚಿನ ಮಂಡಳಿಯ ಅಧ್ಯಕ್ಷ ಡೆನಿಸ್ ರೇಡರ್ ಕೆಲವೇ ದಿನಗಳಲ್ಲಿ ಬಂಧಿತನಾದ. ಮೂರು ದಶಕ ಕಾದ ಪ್ರಕರಣಕ್ಕೆ ತಿರುವು ಕೊಟ್ಟದ್ದು ಬರೆದವನಿಗೇ ಕಾಣದಿದ್ದ ಎರಡು ಹೆಸರು.

ಕುರುಹು ಸಿಕ್ಕರೆ ಸಾಲದು, ಅದನ್ನು ಕೆಡಿಸದೆ ಎತ್ತಬೇಕು. ವಿದ್ಯಾರ್ಥಿಗಳು ಮೊದಲು ಕಲಿಯುವುದು ಇದನ್ನೇ. ದಾಳಿಗೆ ಹೋದಾಗ ಕಂಪ್ಯೂಟರು ಚಾಲೂ ಇದ್ದರೆ ಏನು ಮಾಡಬೇಕು? ‘ಮೊದಲು ಪ್ಲಗ್ ಕಿತ್ತುಬಿಡಿ’ ಎಂದು ಹಿಂದೆ ಹೇಳಿಕೊಡುತ್ತಿದ್ದರು. ಈಗ ಹಾಗೆ ಕಿತ್ತರೆ ರ‍್ಯಾಮಿನಲ್ಲಿದ್ದ ಗೂಢಲಿಪಿಯ ಕೀಲಿ ಮಾಯವಾಗಿ, ಡಿಸ್ಕು ಬರೀ ಕಲ್ಲುಚಪ್ಪಡಿಯಾಗಿ ಉಳಿಯಬಹುದು. ಬೇಗ ಮಾಯವಾಗುವುದನ್ನು ಮೊದಲು ಎತ್ತಿಕೋ ಎಂಬುದು 2002ರ ಆರ್‌ಎಫ್‌ಸಿ 3227 ಮಾರ್ಗಸೂಚಿಯ ತಿರುಳು: ಮೊದಲು ಮೆಮೊರಿ, ಜಾಲದ ಸಂಪರ್ಕಗಳು, ಆಮೇಲೆ ಡಿಸ್ಕು, ಕೊನೆಗೆ ಬ್ಯಾಕಪ್ಪು. ಮೊಬೈಲಾದರೆ ದೂರದಿಂದ ಅಳಿಸುವ ಆಜ್ಞೆ ತಲುಪದಂತೆ ಅಲೆಗಳನ್ನು ತಡೆಯುವ ಫ್ಯಾರಡೆ ಚೀಲಕ್ಕೆ ಹಾಕುತ್ತಾರೆ. ಆ ಚೀಲದೊಳಗೆ ಮೊಬೈಲು ಸಿಗ್ನಲ್ಲಿಗಾಗಿ ತಡಕಾಡಿ ಬ್ಯಾಟರಿ ಬೇಗ ಖಾಲಿ ಮಾಡಿಕೊಳ್ಳುತ್ತದೆಂಬುದು ಪುಸ್ತಕ ಓದಿದವರಿಗಿಂತ ಜೀಪಿನಲ್ಲಿ ಹೋಗಿಬಂದವರಿಗೆ ಚೆನ್ನಾಗಿ ಗೊತ್ತು.

ಡಿಸ್ಕನ್ನು ನೇರವಾಗಿ ತೆರೆದು ನೋಡುವಂತಿಲ್ಲ. ತೆರೆದರೇ ಸಮಯದ ಮುದ್ರೆಗಳು ಬದಲಾಗುತ್ತವೆ. ಬರೆಯುವ ಆಜ್ಞೆಗಳನ್ನು ತಡೆಯುವ ‘ರೈಟ್ ಬ್ಲಾಕರ್’ ಪೆಟ್ಟಿಗೆಯ ಮೂಲಕ ಜೋಡಿಸಿ, ಬಿಟ್ಟಿಗೆ ಬಿಟ್ಟು ನಕಲು ತೆಗೆದು, ಪರೀಕ್ಷೆಯನ್ನು ನಕಲಿನ ಮೇಲೆ ಮಾಡಬೇಕು. ನಕಲು ಮೂಲದಂತೆಯೇ ಇದೆಯೆಂದು ತೋರಿಸುವುದು ಹ್ಯಾಶ್ ಮೌಲ್ಯ: ಇಡೀ ಡಿಸ್ಕಿನ ಬರಹವನ್ನು ಒಂದು ಗಣಿತ ಸೂತ್ರದ ಮೂಲಕ ಹಾಯಿಸಿದಾಗ ಬರುವ ನಿಗದಿತ ಉದ್ದದ ಸಾಲು. ಎಸ್‌ಎಚ್‌ಎ-256 ಸೂತ್ರದಲ್ಲಿ ಅದು 64 ಅಂಕೆ-ಅಕ್ಷರಗಳದ್ದು. ಲಕ್ಷಾಂತರ ಪುಟಗಳಲ್ಲಿ ಒಂದು ಅಲ್ಪವಿರಾಮ ಬದಲಾದರೂ ಸಾಲಿಗೆ ಸಾಲೇ ಬೇರೆಯಾಗುತ್ತದೆ. ಮಹಜರಿನಲ್ಲಿ ಅರಗಿನ ಮುದ್ರೆ ಮಾಡುತ್ತಿದ್ದ ಕೆಲಸವನ್ನು ಇದು ಮಾಡುತ್ತದೆ. ಆದರೆ ಸೂತ್ರಗಳಿಗೂ ವಯಸ್ಸಾಗುತ್ತದೆ. ಎಂ.ಡಿ.5 ಸೂತ್ರದಲ್ಲಿ ಎರಡು ಬೇರೆ ಕಡತಗಳಿಗೆ ಒಂದೇ ಹ್ಯಾಶ್ ಬರಿಸಬಹುದೆಂದು 2004ರಲ್ಲಿ ಚೀನಾದ ವಾಂಗ್ ಷಿಯಾವ್‌ಯುನ್ ತಂಡ ತೋರಿಸಿತು. ಎಸ್‌ಎಚ್‌ಎ-1ಕ್ಕೂ ಅದೇ ಗತಿಯೆಂದು 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಿ.ಡಬ್ಲ್ಯು.ಐ. ಸಂಸ್ಥೆ ತೋರಿಸಿದವು.

ಸಲಕರಣೆಗಳಲ್ಲಿ ಎನ್‌ಕೇಸ್, ಎಫ್‌ಟಿಕೆ, ಮೊಬೈಲಿಗೆ ಸೆಲೆಬ್ರೈಟ್, ಮೆಮೊರಿಗೆ ವೊಲಾಟಿಲಿಟಿ ಹೆಚ್ಚು ಬಳಕೆಯಲ್ಲಿವೆ. ಬ್ರಯಾನ್ ಕ್ಯಾರಿಯರ್ ಕಟ್ಟಿದ ‘ಆಟಾಪ್ಸಿ’ ಉಚಿತವಾದ್ದರಿಂದ ನಮ್ಮ ಕಾಲೇಜುಗಳಲ್ಲಿ ಅದೇ ಮೊದಲ ಗುರು. ತಿರುವನಂತಪುರದ ಸಿ-ಡ್ಯಾಕ್ ಕೇಂದ್ರ ಅಭಿವೃದ್ಧಿಪಡಿಸಿದ ‘ಸೈಬರ್‌ಚೆಕ್’ ಭಾರತದ್ದೇ ಆದ ಸಲಕರಣೆ.

ಕಾನೂನಿನ ಮೂರು ಮಗ್ಗುಲು

ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂತು. ಅದರೊಂದಿಗೆ ಹಳೆಯ ಸಾಕ್ಷ್ಯ ಅಧಿನಿಯಮಕ್ಕೆ 65ಬಿ ಕಲಮು ಸೇರಿತು. ಕಂಪ್ಯೂಟರಿನಿಂದ ತೆಗೆದ ಪ್ರತಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸಬೇಕಾದರೆ ಆ ಯಂತ್ರದ ಹೊಣೆ ಹೊತ್ತವರ ಪ್ರಮಾಣಪತ್ರ ಜೊತೆಗಿರಬೇಕೆಂಬುದು ಅದರ ಸಾರ. ಆ ಪ್ರಮಾಣಪತ್ರ ಕಡ್ಡಾಯವೋ ಅಲ್ಲವೋ ಎಂಬ ಬಗ್ಗೆ ಸುಪ್ರೀಂ ಕೋರ್ಟಿನ ನಿಲುವು ಮಗ್ಗುಲು ಬದಲಿಸುತ್ತ ಹೋಯಿತು. ಸಂಸತ್ ಮೇಲಿನ ದಾಳಿಗೆ ಸಂಬಂಧಿಸಿದ 2005ರ ತೀರ್ಪು ಅದಿಲ್ಲದೆಯೂ ಆಗಬಹುದೆಂದಿತು. ಕೇರಳದ ಚುನಾವಣಾ ತಕರಾರಿನ ಪಿ.ವಿ. ಅನ್ವರ್ ಪ್ರಕರಣದಲ್ಲಿ, 2014ರಲ್ಲಿ, ಕಡ್ಡಾಯವಾಯಿತು. 2018ರ ಶಫಿ ಮೊಹಮ್ಮದ್ ಪ್ರಕರಣದಲ್ಲಿ ಬಿಗಿ ಸಡಿಲಾಯಿತು. 2020ರ ಜುಲೈನಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಮತ್ತೆ ಕಡ್ಡಾಯಕ್ಕೆ ಮರಳಿತು. ಈ ಕೊನೆಯ ಪ್ರಕರಣದ ಜಗಳ ಏನೆಂದರೆ, ಮಹಾರಾಷ್ಟ್ರದ ಜಾಲ್ನಾದಲ್ಲಿ ನಾಮಪತ್ರ ಸಲ್ಲಿಕೆಯಾದದ್ದು ಮಧ್ಯಾಹ್ನ 3 ಗಂಟೆಯ ಗಡುವಿನ ಒಳಗೋ ಹೊರಗೋ ಎಂಬುದು. ಉತ್ತರವಿದ್ದದ್ದು ಚುನಾವಣಾಧಿಕಾರಿಯ ಕಚೇರಿಯ ಕ್ಯಾಮೆರಾದಲ್ಲಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದು 63ನೇ ಕಲಮು. ಪ್ರಮಾಣಪತ್ರಕ್ಕೆ ಈಗ ನಮೂನೆಯೇ ಇದೆ: ಒಂದು ಭಾಗವನ್ನು ದಾಖಲೆ ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು, ಹ್ಯಾಶ್ ಮೌಲ್ಯವನ್ನೂ ಅದನ್ನು ಯಾವ ಸೂತ್ರದಿಂದ ತೆಗೆದದ್ದೆಂಬುದನ್ನೂ ನಮೂದಿಸಬೇಕು. ಮುರಿದುಬಿದ್ದ ಎಂ.ಡಿ.5 ಮತ್ತು ಎಸ್‌ಎಚ್‌ಎ-1ಕ್ಕೂ ನಮೂನೆಯಲ್ಲಿ ಜಾಗವಿರುವುದು ಗಣಿತದವರಿಗೆ ಕಸಿವಿಸಿ ತರಬಹುದು. ಕೈತಪ್ಪಿ ಆದ ಬದಲಾವಣೆ ಹಿಡಿಯಲು ಅವು ಈಗಲೂ ಸಾಕು, ಹಟ ಹಿಡಿದು ಮೋಸ ಮಾಡುವವನೆದುರು ಸಾಲವು. ಜೊತೆಗೇ ಬಂದ ನಾಗರಿಕ ಸುರಕ್ಷಾ ಸಂಹಿತೆ ಶೋಧ ಮತ್ತು ಜಪ್ತಿಯನ್ನು ಚಿತ್ರೀಕರಿಸಬೇಕೆನ್ನುತ್ತದೆ. 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆನ್ನುತ್ತದೆ. ಈ ಕೋರ್ಸುಗಳಿಗೆ ಒಮ್ಮೆಲೇ ಬೇಡಿಕೆ ಕುದುರಿದ್ದರ ಹಿಂದೆ ಈ ಕಲಮುಗಳೂ ಇವೆ.

ಯಂತ್ರ ಹೇಳಿದ್ದೆಲ್ಲ ನಿಜವಲ್ಲ

ಫ್ಲಾರಿಡಾದಲ್ಲಿ 2011ರಲ್ಲಿ ನಡೆದ ಒಂದು ಕೊಲೆ ವಿಚಾರಣೆಯಲ್ಲಿ, ಆರೋಪಿಯ ಮನೆಯ ಕಂಪ್ಯೂಟರಿನಿಂದ ಕ್ಲೋರೋಫಾರ್ಮ್ ಕುರಿತ ಪುಟವೊಂದನ್ನು 84 ಬಾರಿ ನೋಡಲಾಗಿದೆಯೆಂದು ಸಾಕ್ಷ್ಯ ಬಂತು. ಅದು ತಂತ್ರಾಂಶದ ತಪ್ಪು ಓದು. ನೋಡಿದ್ದು ಒಂದೇ ಬಾರಿ. ತಪ್ಪನ್ನು ಗುರುತಿಸಿದ್ದು ಆ ತಂತ್ರಾಂಶವನ್ನು ಬರೆದಾತನೇ. ಒಂದೇ ಸಲಕರಣೆಯನ್ನು ನಂಬಬೇಡ, ಇನ್ನೊಂದರಿಂದ ತಾಳೆ ನೋಡು ಎಂಬ ಪಾಠಕ್ಕೆ ಇದಕ್ಕಿಂತ ನೇರ ಉದಾಹರಣೆ ಸಿಗುವುದು ಕಷ್ಟ.

ಬ್ರಿಟನ್ನಿನ ಅಂಚೆ ಕಚೇರಿ ಪ್ರಕರಣ ಇನ್ನೂ ಘೋರ. 1999ರಿಂದ ಅಲ್ಲಿನ ಉಪ ಅಂಚೆ ಕಚೇರಿಗಳಲ್ಲಿ ಅಳವಡಿಸಿದ ‘ಹೊರೈಜನ್’ ಲೆಕ್ಕದ ತಂತ್ರಾಂಶ ಇಲ್ಲದ ಕೊರತೆಯನ್ನು ತೋರಿಸುತ್ತಿತ್ತು. ಆ ಲೆಕ್ಕವನ್ನೇ ನಂಬಿ 900ಕ್ಕೂ ಹೆಚ್ಚು ಜನರನ್ನು ಕಳ್ಳತನ, ವಂಚನೆ, ಸುಳ್ಳು ಲೆಕ್ಕದ ಆರೋಪದಲ್ಲಿ ತಪ್ಪಿತಸ್ಥರೆಂದು ತೀರ್ಮಾನಿಸಲಾಯಿತು. ಹಲವರು ಜೈಲು ಕಂಡರು, ಮನೆಮಠ ಕಳೆದುಕೊಂಡರು. ಕಂಪ್ಯೂಟರು ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸುವ ಹೊಣೆ ಹೇರುತ್ತಿದ್ದ ಕಲಮನ್ನು ಇಂಗ್ಲೆಂಡಿನ ಕಾನೂನು 1999ರಲ್ಲಿ, ಅದೂ ಅದೇ ವರ್ಷ, ಕೈಬಿಟ್ಟಿತ್ತು. ಅಲನ್ ಬೇಟ್ಸ್ ಮತ್ತು ಸಂಗಡಿಗರ ಮೊಕದ್ದಮೆಯಲ್ಲಿ 2019ರಲ್ಲಿ ತಂತ್ರಾಂಶದ ದೋಷಗಳು ಸಾಬೀತಾದವು. 2024ರಲ್ಲಿ ಸಂಸತ್ತು ಕಾಯ್ದೆಯ ಮೂಲಕವೇ ಶಿಕ್ಷೆಗಳನ್ನು ರದ್ದುಗೊಳಿಸಿತು. ನಮ್ಮ 63ನೇ ಕಲಮಿನ ಪ್ರಮಾಣಪತ್ರವನ್ನು ತಾಪತ್ರಯವೆಂದು ಗೊಣಗುವವರು ಈ ಪ್ರಕರಣವನ್ನು ಒಮ್ಮೆ ಓದಬೇಕು.

ಅಪಾಯದ ಲೆಕ್ಕ

ಎಲ್ಲವನ್ನೂ ಕಾಯಲು ಯಾರ ಬಳಿಯೂ ದುಡ್ಡಿಲ್ಲ. ಆದ್ದರಿಂದ ಅಪಾಯವನ್ನು ಅಳೆಯಬೇಕು. ಐ.ಬಿ.ಎಂ.ನ ರಾಬರ್ಟ್ ಕೋರ್ಟ್ನಿ 1970ರ ದಶಕದಲ್ಲಿ ಮುಂದಿಟ್ಟ, 1979ರಲ್ಲಿ ಅಮೆರಿಕ ಸರ್ಕಾರದ ಮಾರ್ಗಸೂಚಿಯಾದ ಸೂತ್ರ ಸರಳ: ಒಂದು ಸಲದ ನಷ್ಟವನ್ನು ಅದು ವರ್ಷಕ್ಕೆ ಎಷ್ಟು ಸಲ ಆಗಬಹುದೆಂಬುದರಿಂದ ಗುಣಿಸು. ಒಂದು ಪಟ್ಟಣ ಸಹಕಾರಿ ಬ್ಯಾಂಕು ಎಂದುಕೊಳ್ಳೋಣ. ಸರ್ವರು ಒಂದು ದಿನ ಕೆಟ್ಟು ನಿಂತರೆ 4 ಲಕ್ಷ ರೂಪಾಯಿ ನಷ್ಟ. 5 ವರ್ಷದಲ್ಲಿ 2 ಸಲ ಹೀಗಾಗುತ್ತದೆ. ವರ್ಷದ ನಷ್ಟ 1.6 ಲಕ್ಷ. ವರ್ಷಕ್ಕೆ 1 ಲಕ್ಷ ಖರ್ಚಿನ ಬದಲಿ ವ್ಯವಸ್ಥೆಯಿಂದ ಅದು 10 ವರ್ಷಕ್ಕೊಮ್ಮೆಗೆ ಇಳಿದರೆ ನಷ್ಟ 40 ಸಾವಿರವಾಗುತ್ತದೆ, ಉಳಿತಾಯ 1.2 ಲಕ್ಷ. ಮಾಡಬಹುದು. ಖರ್ಚು 1.5 ಲಕ್ಷವಾಗಿದ್ದರೆ ಬೇಡ.

ತೊಡಕಿರುವುದು ‘5 ವರ್ಷದಲ್ಲಿ 2 ಸಲ’ ಎಂಬಲ್ಲಿ. ಸರ್ವರು ಕೆಡುವುದಕ್ಕೆ ಹಳೆಯ ಲೆಕ್ಕವಿದೆ. ಯಾರೋ ಬುದ್ಧಿವಂತ ಕಳ್ಳ ಮುಂದಿನ ತಿಂಗಳು ಬರುತ್ತಾನೋ ಇಲ್ಲವೋ ಎಂಬುದಕ್ಕೆ ಇಲ್ಲ. ಈ ಕಷ್ಟ ತಪ್ಪಿಸಿಕೊಳ್ಳಲು ಕಂಪನಿಗಳು ಕೆಂಪು, ಹಳದಿ, ಹಸಿರು ಬಣ್ಣದ ಚೌಕಟ್ಟು ಬಳಸುತ್ತವೆ: ಒಂದು ಬದಿಗೆ ಸಂಭವ, ಇನ್ನೊಂದು ಬದಿಗೆ ಪರಿಣಾಮ. ಸಭೆಯಲ್ಲಿ ತೋರಿಸಲು ಚೆಂದ. ಆದರೆ ಬೇರೆಬೇರೆ ಗಾತ್ರದ ಅಪಾಯಗಳು ಒಂದೇ ಬಣ್ಣಕ್ಕೆ ಬಿದ್ದು, ಕೆಲವೊಮ್ಮೆ ಚಿಕ್ಕದು ದೊಡ್ಡದಕ್ಕಿಂತ ಮೇಲೇರುತ್ತದೆಂದು ಟೋನಿ ಕಾಕ್ಸ್ 2008ರಲ್ಲೇ ಗಣಿತದಿಂದ ತೋರಿಸಿದ್ದಾರೆ. ಜ್ಯಾಕ್ ಜೋನ್ಸ್ ರೂಪಿಸಿದ ‘ಫೇರ್’ ಪದ್ಧತಿ ಬಣ್ಣದ ಬದಲು ‘ಇಷ್ಟರಿಂದ ಇಷ್ಟರವರೆಗೆ’ ಎಂಬ ಅಂದಾಜುಗಳನ್ನು ಬಳಸುತ್ತದೆ. ಪರೀಕ್ಷೆಗೆ ಎರಡನ್ನೂ ಓದಬೇಕು. ನೌಕರಿಗೆ ಸೇರಿದ ಮೇಲೆ ಸಿಗುವುದು ಬಹುಪಾಲು ಬಣ್ಣದ ಚೌಕಟ್ಟೇ.

ನಿಯಮಪಾಲನೆ

ಈ ಕ್ಷೇತ್ರದ ಮೂಲ ಮಾನಕ ಬ್ರಿಟನ್ನಿನ 1995ರ ಬಿ.ಎಸ್. 7799. ಅದರ ಸಂತಾನವಾದ ಐ.ಎಸ್.ಓ. 27001 ಮೊದಲು ಬಂದದ್ದು 2005ರಲ್ಲಿ. 2022ರ ಆವೃತ್ತಿಯ ಅನುಬಂಧದಲ್ಲಿ 93 ನಿಯಂತ್ರಣಗಳಿವೆ, ಹಿಂದಿನದರಲ್ಲಿ 114 ಇದ್ದವು. ಕಾರ್ಡು ವ್ಯವಹಾರಕ್ಕೆ 2004ರಿಂದ ಪಿ.ಸಿ.ಐ. ಮಾನಕ, ಐರೋಪ್ಯ ಒಕ್ಕೂಟದಲ್ಲಿ 2018ರ ಮೇ 25ರಿಂದ ದತ್ತಾಂಶ ಸಂರಕ್ಷಣೆಯ ಕಾನೂನಾದ ಜಿ.ಡಿ.ಪಿ.ಆರ್. ಜಾರಿಯಲ್ಲಿವೆ. ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದು; ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಘಟನೆ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು, ಯಂತ್ರಗಳು ತಮ್ಮ ಚಟುವಟಿಕೆಯನ್ನು ಬರೆದಿಡುವ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು, ಎಲ್ಲ ಯಂತ್ರಗಳ ಗಡಿಯಾರಗಳು ನಿಗದಿತ ಮೂಲದೊಂದಿಗೆ ಹೊಂದಿಕೊಂಡಿರಬೇಕು. ಕೊನೆಯ ಮಾತು ಓದುವಾಗ ಚಿಕ್ಕದೆನಿಸುತ್ತದೆ. ಐದು ಯಂತ್ರಗಳ ಲಾಗ್‌ಗಳನ್ನು ಒಂದು ಸಾಲಿಗೆ ಜೋಡಿಸಲು ಕೂತವರಿಗೆ ಅದರ ಬೆಲೆ ಗೊತ್ತು.

ಪಾಲನೆಯೇ ಭದ್ರತೆಯಲ್ಲ. 2013ರ ಕೊನೆಯಲ್ಲಿ 4 ಕೋಟಿ ಕಾರ್ಡುಗಳ ವಿವರ ಕಳೆದುಕೊಂಡ ಅಮೆರಿಕದ ಟಾರ್ಗೆಟ್ ಮಳಿಗೆಗಳ ಬಳಿ ಪಿ.ಸಿ.ಐ. ಪ್ರಮಾಣಪತ್ರವಿತ್ತು. ಕಳ್ಳರು ಒಳಬಂದದ್ದು ಶೀತಲೀಕರಣ ಯಂತ್ರಗಳ ಗುತ್ತಿಗೆದಾರನ ಪಾಸ್‌ವರ್ಡ್ ಹಿಡಿದು. ಆದರೆ ನಿಯಮವೇ ಬೇಡವೆಂದು ಇದರಿಂದ ತೀರ್ಮಾನಿಸಬಾರದು. 2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶ ಬ್ಯಾಂಕಿನಲ್ಲಿ, ಬ್ಯಾಂಕುಗಳ ನಡುವೆ ಹಣ ವರ್ಗಾವಣೆಯ ಸಂದೇಶ ಸಾಗಿಸುವ ಸ್ವಿಫ್ಟ್ ಜಾಲದ ಯಂತ್ರಗಳಿಗೆ ನುಗ್ಗಿದವರು 95.1 ಕೋಟಿ ಡಾಲರ್ ವರ್ಗಾವಣೆಗೆ ಆದೇಶ ಕಳಿಸಿದರು. ವರ್ಗಾವಣೆಗಳನ್ನು ಮುದ್ರಿಸಬೇಕಿದ್ದ ಪ್ರಿಂಟರು ಕೆಟ್ಟಿತ್ತು, ಕೆಡಿಸಲಾಗಿತ್ತು. ಸಿಬ್ಬಂದಿ ಎಂದಿನ ರಿಪೇರಿ ಅಂದುಕೊಂಡರು. ಶ್ರೀಲಂಕಾದತ್ತ ಹೊರಟ 2 ಕೋಟಿ ನಿಂತದ್ದು ಫೌಂಡೇಶನ್ ಎಂಬ ಪದದ ಕಾಗುಣಿತ ತಪ್ಪಿ ‘ಫ್ಯಾಂಡೇಶನ್’ ಆಗಿದ್ದರಿಂದ. ಫಿಲಿಪ್ಪೀನ್ಸಿಗೆ ಹೋದ 8.1 ಕೋಟಿಯ ಬಹುಪಾಲು ಜೂಜುಕಟ್ಟೆಗಳಲ್ಲಿ ಕರಗಿತು. ಅದೇ ವರ್ಷ ಜೂನ್ 2ರಂದು ರಿಸರ್ವ್ ಬ್ಯಾಂಕ್ ನಮ್ಮ ಬ್ಯಾಂಕುಗಳಿಗೆ ಸೈಬರ್ ಭದ್ರತಾ ಚೌಕಟ್ಟು ಹೊರಡಿಸಿತು. ಪಟ್ಟಣ ಸಹಕಾರಿ ಬ್ಯಾಂಕುಗಳು ಅದರ ಹೊರಗಿದ್ದವು. 2018ರ ಆಗಸ್ಟಿನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ ಎರಡೇ ದಿನದಲ್ಲಿ, 28 ದೇಶಗಳ ಎಟಿಎಂಗಳ ಮೂಲಕವೂ ಸೇರಿ, 94 ಕೋಟಿ ರೂಪಾಯಿ ಹೋಯಿತು. ಅಕ್ಟೋಬರಿನಲ್ಲಿ ಪಟ್ಟಣ ಸಹಕಾರಿ ಬ್ಯಾಂಕುಗಳಿಗೂ ಸುತ್ತೋಲೆ ಬಂತು. ಈ ಶಾಖೆಯ ನಿಯಮಗಳನ್ನು ಉರು ಹೊಡೆಯುವುದಕ್ಕಿಂತ ತಾರೀಖುಗಳ ಪಕ್ಕ ಇಟ್ಟು ಓದುವುದು ಲೇಸು.

ಕಲಿಕೆ

ಈ ವಿಷಯದಲ್ಲಿ ಸ್ನಾತಕೋತ್ತರ ಪದವಿಯನ್ನು ಮೊದಲು ಆರಂಭಿಸಿದ ಹಿರಿಮೆ ಲಂಡನ್ನಿನ ರಾಯಲ್ ಹಾಲೊವೇ ಕಾಲೇಜಿನದು, 1992ರಲ್ಲಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಜೀನ್ ಸ್ಪ್ಯಾಫರ್ಡ್ ಕಟ್ಟಿದ ಸಂಶೋಧನಾ ಕೇಂದ್ರವೂ ಆ ದಶಕದ್ದೇ. ಭಾರತ ಸರ್ಕಾರದ ಮಾಹಿತಿ ಭದ್ರತಾ ಶಿಕ್ಷಣ ಮತ್ತು ಜಾಗೃತಿ ಯೋಜನೆ 2005ರಲ್ಲಿ ಶುರುವಾಯಿತು. ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ 2020ರ ಕಾಯ್ದೆಯಿಂದ ಈಗಿನ ರೂಪ ಪಡೆಯಿತು. ಧಾರವಾಡದಲ್ಲಿ ಅದರ ಒಂದು ಕ್ಯಾಂಪಸ್ಸಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಶಾಖೆಗಳಲ್ಲಿ ಸೈಬರ್ ಭದ್ರತೆಯೂ ಸೇರಿದೆ. ಪದವಿಗಿಂತ ಪ್ರಮಾಣಪತ್ರಗಳಿಗೆ ನೌಕರಿ ಪೇಟೆಯಲ್ಲಿ ಬೆಲೆ ಹೆಚ್ಚೆಂಬ ಮಾತಿದೆ, ಅದರಲ್ಲಿ ಅರ್ಧ ನಿಜವಿದೆ. ಲೆಕ್ಕಪರಿಶೋಧನೆಯ ಕಡೆಯವರು ಸೀಸಾ, ಅಪಾಯ ನಿರ್ವಹಣೆಯವರು ಕ್ರಿಸ್ಕ್, ಭದ್ರತಾ ವ್ಯವಸ್ಥಾಪಕರು 1994ರಿಂದ ಇರುವ ಸಿ.ಐ.ಎಸ್.ಎಸ್.ಪಿ., ಕೈಯಾರೆ ಕನ್ನ ಕೊರೆಯುವುದನ್ನು ಕಲಿಯುವವರು ಓ.ಎಸ್.ಸಿ.ಪಿ. ಪರೀಕ್ಷೆಗಳತ್ತ ಹೋಗುತ್ತಾರೆ. ಸಿ.ಐ.ಎಸ್.ಎಸ್.ಪಿ.ಗೆ ಪರೀಕ್ಷೆಯ ಜೊತೆ ಐದು ವರ್ಷದ ಅನುಭವವನ್ನೂ ಕೇಳುವುದರಿಂದ, ಆಗ ತಾನೇ ಪದವಿ ಮುಗಿಸಿದವರಿಗೆ ಪೂರ್ತಿ ದಕ್ಕುವುದಿಲ್ಲ.

ಕರ್ನಾಟಕಕ್ಕೆ ಈ ವಿಷಯದೊಂದಿಗೆ ಹಳೆಯ ನಂಟು. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ, ಇಡೀ ರಾಜ್ಯದ ವ್ಯಾಪ್ತಿಯೊಂದಿಗೆ ಶುರುವಾಯಿತು. ಈಗ ಸೈಬರ್, ಆರ್ಥಿಕ, ಮಾದಕವಸ್ತು ಮೂರೂ ಸೇರಿದ ‘ಸೆನ್’ ಠಾಣೆಗಳು ಜಿಲ್ಲೆಗಳಲ್ಲಿವೆ. ಬೆಂಗಳೂರಿನ ಸಿ.ಐ.ಡಿ. ಕಚೇರಿಯಲ್ಲಿರುವ ಸೈಬರ್ ಅಪರಾಧ ತನಿಖಾ ತರಬೇತಿ ಕೇಂದ್ರದಲ್ಲಿ ಪೊಲೀಸರು ಮತ್ತು ಅಭಿಯೋಜಕರು ಕಲಿಯುತ್ತಾರೆ. ಹಣ ಕಳೆದುಕೊಂಡವರು ಸಹಾಯವಾಣಿ 1930ಕ್ಕೆ ಕರೆ ಮಾಡಿದಾಗ ಹಣವನ್ನು ದಾರಿಯಲ್ಲೇ ತಡೆಯಲು ಸಿಗುವುದು ಕೆಲವೇ ಗಂಟೆ. ಆಮೇಲಿನ ತನಿಖೆಗೆ ಬೇಕಾಗುವುದು ಮಾತ್ರ ತಿಂಗಳುಗಳ ಹಿಂದಿನ ಲಾಗ್‌ಗಳು.

ಒಳ್ಳೆಯ ಪಠ್ಯಕ್ರಮಗಳಲ್ಲಿ ಕೊನೆಯ ಸೆಮಿಸ್ಟರಿಗೆ ಅಣಕು ನ್ಯಾಯಾಲಯವಿರುತ್ತದೆ. ವಿದ್ಯಾರ್ಥಿ ತನ್ನ ವರದಿ ಹಿಡಿದು ಸಾಕ್ಷಿಕಟ್ಟೆ ಹತ್ತುತ್ತಾನೆ. ಸಹಪಾಠಿಯೊಬ್ಬಳು ಪಾಟೀಸವಾಲಿಗೆ ನಿಲ್ಲುತ್ತಾಳೆ. ಹ್ಯಾಶ್ ಸರಿಯಿದೆ, ರೈಟ್ ಬ್ಲಾಕರಿನ ಕ್ರಮಸಂಖ್ಯೆ ಇದೆ, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಪಟ್ಟಿಯಲ್ಲಿ ಸಹಿಗಳಿವೆ. ಅವಳು ಪುಟ ತಿರುವಿ ಕೇಳುತ್ತಾಳೆ: ‘ಕಡತ ಅಳಿಸಿದ್ದು ಸಂಜೆ 5:12ಕ್ಕೆ ಎಂದು ಬರೆದಿದ್ದೀರಿ. ಆಗ ನನ್ನ ಕಕ್ಷಿದಾರರು ಕಚೇರಿಯಲ್ಲೇ ಇದ್ದರು, ನಿಜ. ಆದರೆ ಈ 5:12 ಗ್ರೀನಿಚ್ಚಿನ ಸಮಯವೋ, ನಮ್ಮದೋ?’ ವಿಂಡೋಸಿನ ಎನ್‌ಟಿಎಫ್‌ಎಸ್ ಕಡತ ವ್ಯವಸ್ಥೆ ಸಮಯವನ್ನು ಬರೆದಿಡುವುದು ಗ್ರೀನಿಚ್ ಲೆಕ್ಕದಲ್ಲಿ. ಭಾರತದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾದರೆ ಅಳಿಸಿದ್ದು ರಾತ್ರಿ 10:42ಕ್ಕೆ, ಕಚೇರಿಗೆ ಬೀಗ ಬಿದ್ದ ಮೇಲೆ. ಸಾಕ್ಷಿಕಟ್ಟೆಯಲ್ಲಿದ್ದವನು ವರದಿಯ ಎರಡನೆಯ ಪುಟಕ್ಕೆ ಮರಳಿ, ಯಂತ್ರದ ಸಮಯವಲಯ ನಮೂದಿಸಬೇಕಿದ್ದ ಸಾಲನ್ನು ಹುಡುಕತೊಡಗುತ್ತಾನೆ.